ಕಮಲಾಪುರದ ಬೀಗರೂ ಕಾದ ಹಂಚೂ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಸಂಧಿವಾತ ಇರುತ್ತದೆ. ನನಗಿರುವುದು ವಿವರಿಸುವ ಕಾಯಿಲೆ. ಕಾಲೇಜಿನಲ್ಲಿ ವರ್ಷಗಟ್ಟಲೆ ಭೂಗೋಳ ಪಾಠ ಮಾಡಿ ಹತ್ತಿಸಿಕೊಂಡದ್ದು. ಯಾರಾದರೂ ಹಣೆ ಒರೆಸಿಕೊಳ್ಳುತ್ತಾ ‘ಏನ್ ಬಿಸಲ್ರೀ ಸರ್!’ ಎಂದರೆ ಅವರಿಗೆ ಬೇಕಾಗಿರುವುದು ‘ಹೌದ್ರೀ’ ಎನ್ನುವ ಒಂದು ಮಾತು ಮಾತ್ರ. ಅದು ನನಗೂ ಗೊತ್ತು. ಆದರೂ ಬಾಯಿ ಸುಮ್ಮನಿರುವುದಿಲ್ಲ. ಒಣಗಾಳಿಯಿಂದ ಶುರು ಮಾಡಿ, ಆಕಾಶದ ಒತ್ತಡ, ಕರಗುವ ಹಿಮ, ಏರುವ ಸಮುದ್ರ ಎಲ್ಲವನ್ನೂ ಸುತ್ತಿಸಿಕೊಂಡು ಮತ್ತೆ ನಮ್ಮ ಓಣಿಗೆ ತಂದು ಇಳಿಸುವಷ್ಟರಲ್ಲಿ ಆ ಮನುಷ್ಯನ ಕೈಚೀಲದಲ್ಲಿದ್ದ ಹಾಲು ಒಡೆಯುವ ಹಂತಕ್ಕೆ ಬಂದಿರುತ್ತದೆ. ಹೀಗಾಗಿ ಶಹಾಬಜಾರದ ನಮ್ಮ ಓಣಿಯಲ್ಲಿ ಮಾರ್ಚ್ ಬಂತೆಂದರೆ ಯಾರೂ ನನ್ನೆದುರು ಬಿಸಿಲಿನ ಹೆಸರೆತ್ತುವುದಿಲ್ಲ. ಮೂಲೆಯ ಕಿರಾಣಿ ಅಂಗಡಿಯವರಂತೂ ಅಂಗಿ ಬೆನ್ನಿಗೆ ಅಂಟಿಕೊಂಡಿದ್ದರೂ ನನ್ನನ್ನು ನೋಡಿದ ಕೂಡಲೇ, ‘ಇವತ್ತ ಜರಾ ಥಂಡಿ ಅದಲ್ಲರೀ ಸರ್?’ ಎಂದುಬಿಡುತ್ತಾರೆ.

ಇನ್ನೊಂದು ತೊಡಕೂ ಇದೆ. ಕಲಬುರಗಿಯವರಿಗೆ ಬಿಸಿಲೆಂದರೆ ದೂರಿನ ವಿಷಯವಲ್ಲ, ಅಭಿಮಾನದ ವಿಷಯ. ಬೇರೆ ಊರಿನವರು ತಮ್ಮ ಕೆರೆ, ಬೆಟ್ಟ, ಜಲಪಾತ ತೋರಿಸುವಂತೆ ನಾವು ಬಂದ ನೆಂಟರಿಗೆ ಮಧ್ಯಾಹ್ನದ ಬಿಸಿಲು ತೋರಿಸುತ್ತೇವೆ. ‘ಹೊರಗ ಒಂದ್ ಸಲ ನಿಂತು ನೋಡ್ರಿ’ ಎನ್ನುತ್ತೇವೆ. ನೆಂಟರು ನಿಂತು, ನೋಡಿ, ಓಡಿ ಬಂದು ತಂಬಿಗೆ ನೀರು ಕುಡಿದರೆ ನಮಗೆ ಏನೋ ಸಾರ್ಥಕ ಭಾವ. ನಿನ್ನೆ ರಾಯಚೂರಿನಲ್ಲಿ ನಮಗಿಂತ ಹೆಚ್ಚು ಸೆಕೆಯಿತ್ತೆಂದು ಪತ್ರಿಕೆಯಲ್ಲಿ ಬಂದರೆ ಚಹಾದಂಗಡಿಯಲ್ಲಿ ಮೌನ ಕವಿಯುತ್ತದೆ. ‘ಅವರ ಥರ್ಮಾಮೀಟರ್ ಬರೋಬ್ಬರಿ ಇಲ್ಲ ತಗೋರಿ’ ಎಂದು ಯಾರಾದರೂ ಹೇಳಿದ ಮೇಲೆಯೇ ಮತ್ತೆ ಕಪ್ಪುಗಳು ಅಲುಗಾಡುತ್ತವೆ. ಇಂಥ ಊರಿನಲ್ಲಿ ‘ಬಿಸಿಲು ಹೆಚ್ಚಾಗುತ್ತಿದೆ, ಹುಷಾರಾಗಿರಬೇಕು’ ಎಂದು ಹೇಳಹೊರಟವನ ಪಾಡು ಏನಾಗಬೇಡ?

ನಾನು ಹುಟ್ಟಿ ಬೆಳೆದದ್ದೂ ಇಲ್ಲಿಯೇ. ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಹಗಲು ಎಷ್ಟೇ ಸುಡಲಿ, ಬೆಳಗಿನ ಜಾವಕ್ಕೆ ಕೋಟೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಆಗ ನಾನೂ ನನ್ನ ಅಕ್ಕನೂ ಒಂದೇ ಕೌದಿಗಾಗಿ ಎಳೆದಾಡಿ, ಇಬ್ಬರೂ ಅವ್ವನ ಕೈಯಲ್ಲಿ ಏಟು ತಿನ್ನುತ್ತಿದ್ದೆವು. ಈಗ ಮಾಳಿಗೆಯ ಮೇಲೆ ಬೆಳಗಿನ ಜಾವಕ್ಕೂ ಕಾಲಿಟ್ಟರೆ ಅಂಗಾಲು ಬೆಚ್ಚಗಾಗುತ್ತದೆ. ಕೌದಿ ಟ್ರಂಕಿನಲ್ಲಿದೆ, ಬೇಸಿಗೆಯಲ್ಲಿ ಅದನ್ನು ಕೇಳುವವರಿಲ್ಲ. ಒಂದು ದಿನದ ಸೆಕೆಯನ್ನು ತೋರಿಸಿ ಭೂಮಿ ಬಿಸಿಯಾಯಿತು ಎನ್ನಲಾಗದು, ಅದು ನನಗೆ ಗೊತ್ತು. ಸೆಕೆಯ ಅಲೆ ಏಳುವುದಕ್ಕೆ ಆ ವಾರದ ಗಾಳಿ, ಆಕಾಶ, ಒಣಗಿದ ನೆಲ, ಊರಿನ ಕಾಂಕ್ರೀಟು ಎಲ್ಲ ಸೇರಬೇಕು. ಆದರೆ ಹಿಂದೆಯೂ ಬರುತ್ತಿದ್ದ ಅದೇ ಗಾಳಿ ಈಗ ಬಂದಾಗ ಹೆಚ್ಚು ಸುಡುತ್ತದೆ, ಹೆಚ್ಚು ದಿನ ಕೂರುತ್ತದೆ, ರಾತ್ರಿಯೂ ಎದ್ದು ಹೋಗುವುದಿಲ್ಲ. ಈ ಇಷ್ಟು ಸಂಗತಿಯನ್ನು ಜನಕ್ಕೆ ತಿಳಿಯುವಂತೆ ಹೇಳಲು ನನಗೆ ಇಷ್ಟು ವರ್ಷವಾದರೂ ಬರಲಿಲ್ಲ. ನನ್ನ ವಿದ್ಯಾರ್ಥಿಗಳು ಪಾಸಾಗಿದ್ದಾರೆ, ನಿಜ. ಅದಕ್ಕೆ ನಾನು ಕಾರಣನಲ್ಲ.

ಹೀಗಿರುವಾಗ ನನ್ನ ಮಗಳು ಭಾಗ್ಯಶ್ರೀಯ ಮದುವೆ ಕಮಲಾಪುರದ ಹುಡುಗನೊಂದಿಗೆ ನಿಶ್ಚಯವಾಯಿತು. ಭಾಗ್ಯ ನಮ್ಮೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹುಡುಗ ವಿಶ್ವನಾಥ ತೋಟಗಾರಿಕೆ ಓದಿ, ಅಪ್ಪನ ಜೊತೆ ಕೆಂಪು ಬಾಳೆಯ ತೋಟ ನೋಡಿಕೊಳ್ಳುತ್ತಾನೆ. ಕಮಲಾಪುರದ ಕೆಂಪು ಬಾಳೆಹಣ್ಣಿನ ರುಚಿಯ ಬಗ್ಗೆ ನಾನು ಇಲ್ಲಿ ವಿವರಿಸಲು ಹೊರಟರೆ ಮದುವೆ ಆಗುವುದಿಲ್ಲ, ಹಾಗಾಗಿ ಬಿಡುತ್ತೇನೆ. ಬೀಗರು ಚನ್ನಬಸಪ್ಪನವರು ಮೆದು ಮಾತಿನ ಸಂಭಾವಿತರು. ಅವರ ತಾಯಿ ಗುರಮ್ಮ ಆಯಿ ಮನೆಯ ಹಿರಿಯಾಕೆ. ಆಕೆ ಕಣ್ಣೆತ್ತಿ ನೋಡಿದರೆ ಇಡೀ ಮನೆ ಎದ್ದು ನಿಲ್ಲುತ್ತದೆ. ಚನ್ನಬಸಪ್ಪನವರ ತಮ್ಮ ಸಿದ್ರಾಮಪ್ಪ, ಎಲ್ಲರಿಗೂ ಸಿದ್ರಾಮಪ್ಪ ಕಾಕಾ. ಯಾರು ಏನೇ ಹೇಳಲಿ, ‘ಅದು ಹಂಗಲ್ಲ’ ಎಂದು ಶುರು ಮಾಡುವುದು ಅವರ ಸ್ವಭಾವ. ನನಗೂ ಅವರಿಗೂ ನಿಶ್ಚಯದ ದಿನವೇ ಹೊಂದಿಕೆಯಾಗಲಿಲ್ಲ. ಒಂದೇ ಕಾಯಿಲೆಯ ಇಬ್ಬರು ರೋಗಿಗಳು ಒಂದೇ ಮಂಚದಲ್ಲಿ ಮಲಗುವುದು ಕಷ್ಟ.

ಐನೋರು ಪಂಚಾಂಗ ನೋಡಿ ಮೇ ತಿಂಗಳಲ್ಲಿ ದಿನ ಇಟ್ಟುಕೊಟ್ಟರು. ಜಾಗ, ಬೀಗರ ಮನೆಯೆದುರಿನ ಬಯಲು, ಅಲ್ಲೇ ಪೆಂಡಾಲು. ಅಕ್ಕಿಕಾಳು ಬೀಳುವ ಹೊತ್ತು, ಮಧ್ಯಾಹ್ನ ಹನ್ನೆರಡು ಮೂವತ್ತೊಂದು. ನಮ್ಮ ಕಡೆಯ ಲಗ್ನಪತ್ರಿಕೆಗಳಲ್ಲೆಲ್ಲ ಕಾಣುವ ಆ ಒಂದು ನಿಮಿಷ ಎಲ್ಲಿಂದ ಬಂತೋ ಬಲ್ಲವರಿಲ್ಲ. ಅಷ್ಟು ಕರಾರುವಾಕ್ಕಾಗಿ ಬರೆದ ಮುಹೂರ್ತಕ್ಕೆ ಮದುಮಗ ಇನ್ನೂ ಊರ ನಡುವೆ ಕುದುರೆಯ ಮೇಲಿರುತ್ತಾನೆ. ಮುಂದೆ ಗೆಳೆಯರು ಬ್ಯಾಂಡಿನ ಎದುರು ಕುಣಿಯುತ್ತಿರುತ್ತಾರೆ. ಪೆಂಡಾಲಿನಲ್ಲಿ ನಾಲ್ಕೂರ ಜನ ಕೈಯಲ್ಲಿ ಅಕ್ಕಿ ಹಿಡಿದು, ಆ ಅಕ್ಕಿ ಅರ್ಧ ಬೆಂದು ಅನ್ನವಾಗುವವರೆಗೂ ಕಾಯುತ್ತಿರುತ್ತಾರೆ. ನಾನೂ ಎಷ್ಟೋ ಮದುವೆಗಳಲ್ಲಿ ಹೀಗೆ ಕಾದಿದ್ದೇನೆ. ಹಾಗಾಗಿ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಸಂತೋಷವಾಗಿ ಪತ್ರಿಕೆ ಅಚ್ಚು ಹಾಕಿಸಿದೆ.

ಏಪ್ರಿಲ್ ಅರ್ಧ ಕಳೆದಾಗ ಸೆಕೆಯ ಅಲೆ ಬಂತು. ಬೀದಿನಾಯಿಗಳು ಗಟಾರದಿಂದ ಏಳಲಿಲ್ಲ. ನಲ್ಲಿಯಲ್ಲಿ ಬೆಳಗಿನಿಂದಲೇ ಸ್ನಾನದ ಬಿಸಿನೀರು. ಕೂಲರಿನ ಹುಲ್ಲು ಎಷ್ಟು ನೆನೆಸಿದರೂ ಬಿಸಿ ಉಸಿರೇ ಬಿಡುತ್ತಿತ್ತು. ಅಂಥ ಒಂದು ದಿನ ಭಾಗ್ಯ ಆಸ್ಪತ್ರೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು. ಆಕೆಯ ವಾರ್ಡು ಬಿಸಿಲಿಗೆ ಬಿದ್ದವರಿಂದ ತುಂಬಿತ್ತಂತೆ. ಅವರಲ್ಲಿ ಯಾವುದೋ ಮದುವೆಯ ಮೆರವಣಿಗೆಯಿಂದಲೇ ಎತ್ತಿಕೊಂಡು ಬಂದ ಒಬ್ಬ ಮುದುಕಿಯೂ ಇದ್ದಳು. ಕುಂಕುಮ, ಹೊಸ ಸೀರೆ, ಮುಡಿದ ಹೂವು ಎಲ್ಲ ಹಾಗೆಯೇ.

‘ಉಳದಾಳಪಾ’ ಎಂದಳು ಭಾಗ್ಯ. ‘ಆದ್ರ ನನಗ ಆಕಿ ಮುಖ ನೋಡಿದಾಗೆಲ್ಲ ಗುರಮ್ಮ ಆಯಿ ನೆನಪಾದ್ರು. ನನ್ನ ಲಗ್ನದಾಗ ಯಾರರೇ ಹಿಂಗ ಬಿದ್ರ ನಾ ಏನು ಬಾಸಿಂಗ ಕಟಗೊಂಡು ಸಲೈನ್ ಹಚ್ಲೇನು? ಅಪ್ಪಾ, ಸಂಜೀಕ ಮಾಡಂತ ಹೇಳು.’

ನನ್ನ ಹೆಂಡತಿ ಸುವರ್ಣಾ ನನ್ನ ಮುಖ ನೋಡಿದಳು. ಅದರ ಅರ್ಥ ನಮಗಿಬ್ಬರಿಗೂ ತಿಳಿಯಿತು. ಪತ್ರಿಕೆ ಹಂಚಿ ಮುಗಿದಿದೆ. ನಾವು ಹೆಣ್ಣಿನ ಕಡೆಯವರು. ಗಂಡಿನ ಮನೆಗೆ ಹೋಗಿ, ‘ನೀವು ಇಟ್ಟ ಮುಹೂರ್ತ ನಮಗೆ ಆಗಿಬರುವುದಿಲ್ಲ’ ಎಂದು ಹೇಳುವುದೆಂದರೆ ಏನು? ಕಾರಣ ಕೇಳಿದರೆ ‘ಬಿಸಿಲು’ ಎನ್ನಬೇಕು. ಅದೂ ಬಿಸಿಲಿನಲ್ಲೇ ಹುಟ್ಟಿ ಬಿಸಿಲಿನಲ್ಲೇ ಮುದುಕರಾದವರ ಮುಂದೆ!

‘ಫೋನ್‌ನಾಗ ಹೇಳಿಬಿಡಲೇನು?’ ಎಂದೆ.

‘ಲಗ್ನದ ಮಾತು ಫೋನ್‌ನಾಗ ಹೇಳ್ತಾರೇನ್ರೀ? ನಡೀರಿ, ನಾನೂ ಬರ್ತೀನಿ’ ಎಂದಳು ಸುವರ್ಣಾ. ‘ಒಂದೇ ಮಾತು. ಅಲ್ಲಿ ಹೋಗಿ ಪಾಠ ಹೇಳಬ್ಯಾಡ್ರಿ. ಹುಡುಗಿಗಿ ಚಿಂತಿ ಆಗ್ಯಾದ, ಸಂಜೀಕ ಮಾಡಿದ್ರ ಛಲೋ ಆಗ್ತದ ಅಂತ ಕೈ ಮುಗೀರಿ, ಸುಮ್ ಕೂಡ್ರಿ. ಉಳದದ್ದು ನಾ ನೋಡ್ಕೋತೀನಿ.’

ನಾನು ಮಾತು ಕೊಟ್ಟೆ. ಹುಮನಾಬಾದ್ ರಸ್ತೆಯ ಬಸ್ಸಿನಲ್ಲಿ ಕಿಟಕಿಯ ಬಿಸಿಗಾಳಿಗೆ ಮುಖವೊಡ್ಡಿ ಆ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡೆ. ಕಮಲಾಪುರ ಬರುವಷ್ಟರಲ್ಲಿ ಅವು ನನಗೆ ಸೊಗಸಾಗಿ ಬರುತ್ತಿದ್ದವು.

ವಿಶ್ವನಾಥ ಬಸ್ ನಿಲ್ದಾಣಕ್ಕೇ ಬಂದಿದ್ದ. ಮೊದಲು ತೋಟ ತೋರಿಸಿದ. ಅವನು ಮಾತು ಕಡಿಮೆಯ ಹುಡುಗ. ಅಳಿಯನಾಗಲು ಅದು ದೊಡ್ಡ ಅರ್ಹತೆ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಬಾಳೆಗೊನೆಗಳಿಗೆ ಬಿಸಿಲು ತಾಕಿ ಕಪ್ಪಾಗದಂತೆ ಒಣ ಎಲೆ ಸುತ್ತಿದ್ದ. ಪಡುವಣ ಬದುವಿನುದ್ದಕ್ಕೂ ಸಾಲಾಗಿ ಗಿಡ ನೆಟ್ಟಿದ್ದ. ಬಾವಿಯ ಪಕ್ಕದಲ್ಲಿ ಸೋಲಾರ್ ಪಂಪು ಸದ್ದಿಲ್ಲದೆ ನೀರೆತ್ತುತ್ತಿತ್ತು. ‘ಇದೇ ಬಿಸಲು ಗೊನೀ ಸುಡ್ತದ, ಇದೇ ಬಿಸಲು ನೀರೂ ಎತ್ತತದ ನೋಡ್ರಿ ಮಾವಾರೆ’ ಎಂದು ನಕ್ಕ. ಆ ನೆರಳಿನಲ್ಲಿ ನಿಂತಾಗ ನನಗೆ ಒಮ್ಮೆಲೇ ಧೈರ್ಯ ಬಂತು. ನನ್ನ ಎಲ್ಲ ಅನಾಹುತಗಳೂ ಧೈರ್ಯ ಬಂದ ಮೇಲೆಯೇ ಆಗಿವೆ.

ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದರು. ಮಜ್ಜಿಗೆ ಬಂತು, ಸಿಪ್ಪೆ ಸುಲಿದ ಕೆಂಪು ಬಾಳೆ ಬಂತು. ಚನ್ನಬಸಪ್ಪನವರು, ಸಿದ್ರಾಮಪ್ಪ ಕಾಕಾ ಎದುರು ಕುಳಿತರು. ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಚನ್ನಬಸಪ್ಪನವರು ಗಂಭೀರರಾಗಿ ತಲೆಯಾಡಿಸಿದರು. ಅವರು ಇನ್ನೇನು ಏನೋ ಒಳ್ಳೆಯ ಮಾತು ಹೇಳುವವರಿದ್ದರು, ಅಷ್ಟರಲ್ಲಿ ಕಾಕಾ ಬಾಯಿ ಹಾಕಿದರು.

‘ಅದು ಹಂಗಲ್ರೀ ಪ್ರೊಫೆಸರ್ ಸಾಹೇಬ್ರ. ಬಿಸಲು ನಮಗೇನು ಹೊಸಾದೇನು? ನಮ್ಮಪ್ಪಂದು, ನಮ್ಮಣ್ಣಂದು, ನಂದು, ಎಲ್ಲಾರ ಲಗ್ನ ಇದೇ ಬಯಲಾಗ, ಬರೋಬ್ಬರಿ ಮಧ್ಯಾಹ್ನದಾಗೇ ಆಗ್ಯಾವ. ಯಾರು ಸತ್ತಾರ?’

ಇಲ್ಲಿ ನಾನು ಕೈ ಮುಗಿದು ಸುಮ್ಮನಿರಬೇಕಾಗಿತ್ತು. ಸುವರ್ಣಾ ಕೆಮ್ಮಿದಳು ಕೂಡ. ಆದರೆ ‘ಹೊಸಾದೇನು’ ಎಂಬ ಪ್ರಶ್ನೆ ನನ್ನ ಕಾಯಿಲೆಯ ಮೇಲೇ ಬೆರಳಿಟ್ಟಿತ್ತು. ಶುರು ಮಾಡಿದೆ. ಸರಾಸರಿ ಎಂದರೇನು, ಆ ಸರಾಸರಿಯೇ ಮೇಲಕ್ಕೆ ಸರಿದರೆ ತುದಿಗಳು ಏನಾಗುತ್ತವೆ ಎಂದು ಕಂಬಳಿಯ ಮೇಲೆ ಬೆರಳಿನಿಂದ ಗುಡ್ಡದಂಥ ಗೆರೆ ಎಳೆದೆ. ಗೆರೆ ಸರಿಯಾಗಿ ಕಾಣದೆ, ಬಾಳೆಹಣ್ಣಿನ ಸಿಪ್ಪೆಯನ್ನು ಬಗ್ಗಿಸಿಟ್ಟು ಇನ್ನೊಮ್ಮೆ ತೋರಿಸಿದೆ. ಉತ್ತರ ಧ್ರುವದ ಹಿಮಕ್ಕೆ ಹೋದೆ. ಇಂಗಾಲಕ್ಕೆ ಬಂದೆ. ಕಾಕಾ ನನ್ನನ್ನು ಅರ್ಧಕ್ಕೆ ತಡೆದು, ‘ಹೋದ ಛಳಿಗಾಲದಾಗ ನಾ ಎರಡು ಚಾದರ ಹೊಚಗೊಂಡು ನಡುಗೀನಿ. ಅವಾಗ ಎಲ್ಲಿಗಿ ಹೋಗಿತ್ತು ನಿಮ್ಮ ಭೂಮಿ ಬಿಸಿ?’ ಎಂದು ಕೇಳಿದರು. ಅದಕ್ಕೂ ಒಂದು ಉತ್ತರ ಶುರು ಮಾಡಿ, ಆ ಉತ್ತರದೊಳಗೇ ದಾರಿ ತಪ್ಪಿ, ಹೊರಬರಲು ಆತುರಪಟ್ಟು ಹೀಗೆಂದುಬಿಟ್ಟೆ: ‘ಒಟ್ಟಿನ್ಯಾಗ ಏನಂದ್ರ, ಈಗಿನ ಕಾಲದಾಗ ನಿಮ್ಮ ಬಯಲಾಗ ಮಧ್ಯಾಹ್ನ ಜನಾ ಕೂಡಸೋದು ಅಪಾಯ!’

ಚನ್ನಬಸಪ್ಪನವರ ಮೆದು ಮುಖ ಗಡುಸಾಯಿತು. ‘ಪೆಂಡಾಲಿಗೆ ಡಬಲ್ ಬಟ್ಟಿ ಹೇಳೀನ್ರೀ’ ಎಂದರು, ನೆಲ ನೋಡುತ್ತಾ. ‘ಕೂಲರ್ ಹೇಳೀನಿ. ಮಜ್ಜಿಗಿ ಇಂತಿಜಾಮ ಮಾಡೀನಿ. ನಮ್ಮ ಅಂಗಳ ನಿಮ್ಮ ಮಂದಿಗಿ ಸಾಲೂದಿಲ್ಲ ಅಂದ್ರ ಮೊದಲೇ ಹೇಳಬೇಕಿತ್ತು. ನಿಶ್ಚಯದ ದಿನಾನೇ ಹೇಳಬೇಕಿತ್ತು.’

ಅವರ ಮನೆಯನ್ನೂ ಆತಿಥ್ಯವನ್ನೂ ಒಂದೇ ವಾಕ್ಯದಲ್ಲಿ ಹಳಿದಿದ್ದೆ. ವಿಶ್ವನಾಥ ಬಾಗಿಲ ಬಳಿ ಬಣ್ಣಗೆಟ್ಟು ನಿಂತಿದ್ದ. ಭಾಗ್ಯಳ ಮುಖ ಕಣ್ಣೆದುರು ಬಂತು. ‘ಅಪ್ಪಾ, ಸಂಜೀಕ ಮಾಡಂತ ಹೇಳು’ ಎಂದಿದ್ದಳು. ಮಾಡಲೇಬೇಡಿ ಎಂದು ಹೇಳಿ ಬಾ ಅಂದಿರಲಿಲ್ಲ. ಸುವರ್ಣಾ ನನ್ನ ಕಡೆ ನೋಡಲೂ ಇಲ್ಲ. ಎದ್ದು, ‘ಆಯಿ ಎಲ್ಲಿದ್ದಾರ್ರೀ?’ ಎಂದು ಕೇಳುತ್ತಾ ಹಿತ್ತಲಿಗೆ ಹೋದಳು. ಕೈಗೆ ಹತ್ತಿದ ಬಾಳೆಯ ಅಂಟು ತೊಳೆದುಕೊಳ್ಳುವ ನೆಪದಲ್ಲಿ ನಾನೂ ಆಕೆಯ ಹಿಂದೆ ತಪ್ಪಿಸಿಕೊಂಡೆ.

ಹಿತ್ತಲಿನ ಬೇವಿನ ಮರದ ನೆರಳಿನಲ್ಲಿ ಮದುವೆಗೆಂದು ಕಡಕ್ ರೊಟ್ಟಿಯ ಕೆಲಸ ನಡೆದಿತ್ತು. ಓಣಿಯ ಹೆಂಗಸರು ಸಾಲು ಒಲೆ ಹೂಡಿ, ಜೋಳದ ರೊಟ್ಟಿ ಬಡಿದು, ಬೇಯಿಸಿ, ಒಣಗಿಸಿ, ಬುಟ್ಟಿಗಳಲ್ಲಿ ಗೋಪುರದಂತೆ ಒಟ್ಟುತ್ತಿದ್ದರು. ನಡುವೆ ಹಗ್ಗದ ಹೊರಸಿನ ಮೇಲೆ ಗುರಮ್ಮ ಆಯಿ. ಸುವರ್ಣಾ ಬೀಗತಿಯ ಬಿಂಕ ಬಿಟ್ಟು, ಸೆರಗು ಸಿಕ್ಕಿಸಿ, ಖಾಲಿಯಿದ್ದ ಒಂದು ಒಲೆಯ ಮುಂದೆ ಕೂತೇಬಿಟ್ಟಳು. ನಾನು ಬಚ್ಚಲ ಬಳಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೈ ತೊಳೆಯುತ್ತಾ ನಿಂತೆ. ಆಕೆಯ ಮೊದಲ ರೊಟ್ಟಿ ತಣ್ಣನೆಯ ಹಂಚಿನ ಮೇಲೆ ಎಷ್ಟು ಹೊತ್ತಾದರೂ ಬೇಯಲಿಲ್ಲ. ಎರಡನೆಯದು ಬೇಗ ಬೆಂದಿತು. ಆಮೇಲೆ ಪಕ್ಕದ ಒಲೆಯಾಕೆ ಮಗಳ ಬಾಣಂತನದ ಸುದ್ದಿ ತೆಗೆದು ಮೈಮರೆತಳು, ಆಕೆಯ ರೊಟ್ಟಿಯಿಂದ ಹೊಗೆ ಎದ್ದಿತು.

‘ಏ ಅಕ್ಕಾ, ಹೊತ್ತತು ನೋಡ್ರಿ!’ ಎಂದು ಸುವರ್ಣಾ ಕೂಗಿದಳು. ‘ಮೊದಲನೇ ರೊಟ್ಟಿ ಹಾಕಿದಾಗಿನ ಹಂಚಲ್ಲ ಅದು. ಕಾದು ಕೂತದ. ಉರಿ ಅಷ್ಟೇ ಇದ್ರೂ ಸುಡ್ತದ.’

ನನ್ನ ಕೈಯಿಂದ ತಂಬಿಗೆ ಜಾರಿ ಬಿತ್ತು. ಎಲ್ಲರೂ ತಿರುಗಿ ನೋಡಿದರು.

‘ಅದೇರೀ!’ ಎಂದೆ. ‘ನಾ ಒಳಗ ಹೇಳ್ಲಾಕತ್ತದ್ದು ಅದೇ!’

ಸುವರ್ಣಾ ಹಣೆ ಹಣೆ ಬಡಿದುಕೊಂಡಳು. ಆದರೆ ಗುರಮ್ಮ ಆಯಿ, ‘ಏನು ಅದೇ? ಇಲ್ಲಿ ಬರ್ರಿ ಬೀಗರೇ, ಕೂಡ್ರಿ’ ಎಂದರು. ತಂಬಿಗೆಯ ಸದ್ದಿಗೆ ಚನ್ನಬಸಪ್ಪನವರೂ ಕಾಕಾನೂ ಹಿತ್ತಲ ಬಾಗಿಲಿಗೆ ಬಂದಿದ್ದರು. ನಾನು ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತೆ.

‘ಬಿಸಲಿನ ಅಲೆ ಅಂದ್ರ ಈ ಉರಿ ಇದ್ದಂಗ್ರೀ ಆಯಿ. ಒಮ್ಮೆ ಭುಗಿಲ್ ಅಂತದ, ಒಮ್ಮೆ ಇಳೀತದ. ನಿಮ್ಮ ಲಗ್ನದಾಗೂ ಇತ್ತು, ನಿಮ್ಮ ಮಕ್ಕಳ ಲಗ್ನದಾಗೂ ಇತ್ತು. ಕಾಕಾ ಹೇಳೂದು ಖರೇ ಅದ, ಬಿಸಲು ನಮಗ ಹೊಸಾದಲ್ಲ. ಆದ್ರ ಹಂಚು ಆವಾಗಿಂದಲ್ಲ. ಇಷ್ಟು ವರ್ಷ ಜಗತ್ತಿನ ಮಂದಿ ಎಲ್ಲಾ ಕೂಡಿ ಕಲ್ಲಿದ್ದಲು, ಎಣ್ಣಿ ಸುಟ್ಟು ಸುಟ್ಟು ಕಾಸೀವಿ. ಕೆಲವ್ರು ಭಾಳ ಸುಟ್ಟಾರ, ನಾವು ಜರಾ ಕಮ್ಮಿ. ಹಂಚೇ ಕಾದು ಕೂತಮ್ಯಾಲ, ಅದೇ ಉರಿ ಬಂದ್ರೂ ರೊಟ್ಟಿ ಲಗೂನ ಹೊತ್ತತದ.’

ಒಲೆಗಳ ಮುಂದೆ ಬಡಿಯುವ ಸದ್ದು ನಿಂತಿತ್ತು. ಕಾಕಾ ಬಿಡುವವರಲ್ಲ. ‘ಮತ್ತ ಛಳಿ?’

‘ರೊಟ್ಟಿ ಮ್ಯಾಲ ಒದ್ದಿ ಅರಿವಿ ಎಳೀತಾರಲ್ರೀ ಕಾಕಾ. ಅಷ್ಟೊತ್ತು ಅಲ್ಲಿ ತಣ್ಣಗಾಗ್ತದ. ಹಂಗಂತ ಹಂಚಿನ ಮ್ಯಾಲ ಕೈ ಇಡ್ತೀರೇನು?’

ಹೆಂಗಸರು ಗೊಳ್ಳೆಂದು ನಕ್ಕರು. ಕಾಕಾ ನಗಲಿಲ್ಲ, ಆದರೆ ‘ಅದು ಹಂಗಲ್ಲ’ ಎಂದೂ ಹೇಳಲಿಲ್ಲ. ಮನಸ್ಸಿನಲ್ಲಿ ಏನನ್ನೋ ಬರೆದುಕೊಳ್ಳುವವರಂತೆ ಹಂಚನ್ನೇ ನೋಡುತ್ತಾ ನಿಂತರು. ಗುರಮ್ಮ ಆಯಿ ಮಾತ್ರ ನನ್ನ ಉಪಮೆಯನ್ನು ನನಗಿಂತ ಮುಂದಕ್ಕೆ ಒಯ್ದರು.

‘ಅಲ್ರೀ ಬೀಗರೇ, ಹಂಚು ಕಾದದ ಅಂತ ಗೊತ್ತಾದಮ್ಯಾಲ ಕಟಗಿ ಹಿಂದಕ್ಕ ಜಗ್ಗಬೇಕಲ್ಲ? ಅದಕ್ಕಿಷ್ಟು ಪುರಾಣ ಯಾಕ?’

‘ಜಗ್ಗಿದ್ರೂ ಹಂಚು ತಕ್ಷಣ ತಣ್ಣಗಾಗೂದಿಲ್ರೀ ಆಯಿ.’

‘ಆಗಬ್ಯಾಡ. ಮತ್ತಷ್ಟು ಕಾಯೂದರೇ ನಿಲ್ತದಲ್ಲ! ಅಲ್ಲೀತನಕ ಕೈ ಸುಟ್ಟುಕೊಳ್ಳದಂಗ ನಾವು ಶಾಣ್ಯಾರಾಗಿ ಕೆಲಸ ಮಾಡಬೇಕು. ಅಷ್ಟೇ ಅಲ್ಲೇನು?’

ಅಷ್ಟೇ. ದೊಡ್ಡ ದೊಡ್ಡ ಸಭೆಗಳಲ್ಲಿ ದೇಶದೇಶದವರು ಕುಳಿತು ತಿಣುಕುವ ಎರಡೂ ಮಾತು ಇದರಲ್ಲಿ ಬಂದಿತ್ತು. ನಾನು ‘ಹೌದ್ರೀ’ ಎಂದೆ. ನನ್ನ ಜೀವಮಾನದಲ್ಲೇ ಬಿಸಿಲಿನ ಬಗ್ಗೆ ನಾನಾಡಿದ ಅತಿ ಚಿಕ್ಕ ವಾಕ್ಯ ಅದು.

ಆಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮಗನ ಕಡೆ ತಿರುಗದೆಯೇ ಹೇಳಿದರು: ‘ಚನ್ನಬಸಪ್ಪ, ಹೋದ ವರ್ಷ ನಿನ್ನ ಸೋದರಮಾವನ ಮಗನ ಲಗ್ನದಾಗ ನನಗ ಕಣ್ಣು ಕತ್ತಲಿ ಬಂದಿತ್ತು. ಕಂಬ ಹಿಡಕೊಂಡು ಕೂತೆ. ಯಾರರೇ ಕೇಳಿದ್ರ ಉಪಾಸ ಇದ್ದೀನಿ ಅಂದೆ.’

‘ಯವ್ವಾ! ಹೇಳೇ ಇಲ್ಲಲ್ಲ!’

‘ಏನಂತ ಹೇಳ್ಲಿ? ಗುರಮ್ಮಗ ಬಿಸಲು ತಡೀಲಿಲ್ಲ ಅಂತ ಊರೆಲ್ಲಾ ಅನ್ನೂದು ಬ್ಯಾಡ ಅಂತ ಸುಮ್ನಾದೆ. ಮೊಮ್ಮಗನ ಲಗ್ನದಾಗ ಹ್ಯಾಂಗ ಕೂಡೂದು ಅಂತ ನನಗೂ ಅಂಜಿಕಿ ಇತ್ತು. ಆ ಹುಡುಗಿ ಇನ್ನೂ ಮನೀಗಿ ಬಂದಿಲ್ಲ, ಮೊದಲೇ ನನ್ನ ಚಿಂತಿ ಮಾಡ್ಯಾಳ.’

ಅಷ್ಟು ಸಾಕಾಯಿತು. ಕಟ್ಟೆಯೊಡೆದಂತೆ ಹಿತ್ತಲು ಮಾತಾಡತೊಡಗಿತು. ಒಬ್ಬಾಕೆಗೆ ಹೊಲದಲ್ಲಿ ತಲೆ ತಿರುಗಿತ್ತು, ಇನ್ನೊಬ್ಬಾಕೆಯ ಗಂಡ ಬಸ್ ಕಾಯುತ್ತಾ ಬಿದ್ದಿದ್ದ, ಪಕ್ಕದ ಒಲೆಯಾಕೆ ಹೋದ ಬೇಸಿಗೆಯಲ್ಲಿ ಯಾವ ಮದುವೆಗೂ ಹೋಗಿರಲಿಲ್ಲ, ಮಂಡಿನೋವು ಎಂದು ಸುಳ್ಳು ಹೇಳಿದ್ದಳು. ಎಲ್ಲರಿಗೂ ಸೆಕೆಯಾಗಿತ್ತು. ಮೊದಲು ಹೇಳುವವರು ಯಾರು ಎಂಬುದಷ್ಟೇ ಬಾಕಿಯಿತ್ತು. ಕೊನೆಗೆ ಚನ್ನಬಸಪ್ಪನವರೇ, ತಲೆ ಕೆರೆದುಕೊಳ್ಳುತ್ತಾ, ‘ನನಗೂ ಪೆಂಡಾಲ್‌ನಾಗ ಕೂಡೂದಂದ್ರ ಆಗೂದಿಲ್ರೀ ಈಗೀಗ’ ಎಂದರು. ನಾನು ಅವರ ಕೈ ಹಿಡಿದು, ಆಡಿದ ಮಾತಿಗೆ ಕ್ಷಮೆ ಕೇಳಿದೆ. ‘ಬಿಡ್ರೀ, ಬಿಸಲಿಗಿ ತಲಿ ಎಲ್ಲಾರ್ದೂ ಕಾದಿರ್ತದ’ ಎಂದು ಅವರು ನಕ್ಕರು.

‘ಗೋಧೂಳಿಗಿ ಮಾಡ್ರಿ’ ಎಂದು ಆಯಿ ತೀರ್ಪು ಕೊಟ್ಟರು. ‘ದನಾ ಮನೀಗಿ ಬರೂ ಹೊತ್ತು. ಹಿರ್ಯಾರು ಅದಕ್ಕ ಪಂಚಾಂಗಾನೂ ಕೇಳ್ತಿದ್ದಿಲ್ಲ. ನಂದೂ ಗೋಧೂಳಿ ಲಗ್ನಾನೇ. ಗ್ಯಾಸಬತ್ತಿ ಬೆಳಕಿನ್ಯಾಗ ನಿಮ್ಮಪ್ಪನ ಮುಖ ಸರಿಯಾಗಿ ಕಂಡಿರಲಿಲ್ಲ, ಹಂಗಾಗಿ ಒಪ್ಪಿಕೊಂಡೆ.’ ಸಿದ್ರಾಮಪ್ಪ ಕಾಕಾ ತಮ್ಮ ಮದುವೆ, ಅಣ್ಣನ ಮದುವೆ, ಅಪ್ಪನ ಮದುವೆ ಎಲ್ಲ ಮಧ್ಯಾಹ್ನ ಎಂದು ಸಾಧಿಸಿದ್ದರಲ್ಲ. ಅಪ್ಪನದನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡರು. ಐನೋರಿಗೆ ಫೋನು ಹೋಯಿತು. ಅವರು ಒಂದು ಕ್ಷಣವೂ ಯೋಚಿಸದೆ, ಬಹಳ ಪ್ರಶಸ್ತ ಎಂದರು. ಆ ಧ್ವನಿಯಲ್ಲಿದ್ದ ನೆಮ್ಮದಿ ಕೇಳಿದರೆ ಕಾದ ಪೆಂಡಾಲಿನಲ್ಲಿ ಮಂತ್ರ ಹೇಳುತ್ತಾ ಕೂರುವ ಅವರ ಕಷ್ಟವನ್ನು ಯಾರೂ ಈವರೆಗೆ ಕೇಳಿರಲಿಲ್ಲವೆಂದು ತಿಳಿಯುತ್ತಿತ್ತು.

ಹಂಚಿದ ಪತ್ರಿಕೆಗಳ ಸಮಯ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬೊಬ್ಬರಿಗೇ ಫೋನು ಮಾಡಿದೆ. ‘ಸಂಜೆಗೆ ಬನ್ನಿ’ ಎಂದರೆ ಮುಗಿಯುವ ಮಾತು. ಆದರೆ ‘ಯಾಕ್ರೀ?’ ಎಂದು ಕೇಳಿಬಿಡುತ್ತಿದ್ದರು. ಮೂರು ಜನಕ್ಕೆ ಹೇಳುವಷ್ಟರಲ್ಲಿ ಫೋನೇ ರೊಟ್ಟಿ ಹಂಚಿನಂತೆ ಕಾದಿತ್ತು. ಭಾಗ್ಯ ಅದನ್ನು ಕಸಿದುಕೊಂಡು, ನನ್ನನ್ನು ಕೂಲರಿಗೆ ನೀರು ತುಂಬಲು ಕಳಿಸಿ, ಸಂಜೆಯೊಳಗೆ ಎಲ್ಲರಿಗೂ ಮುಟ್ಟಿಸಿದಳು.

ಮದುವೆಯ ದಿನ ಬಿಸಿಲು ಯಾವ ದಾಕ್ಷಿಣ್ಯವನ್ನೂ ತೋರಿಸಲಿಲ್ಲ. ಆದರೆ ಮಧ್ಯಾಹ್ನ ಇಡೀ ಬೀಗರ ಬಳಗ ಬೇವಿನ ಕೆಳಗೆ, ಪಡಸಾಲೆಯಲ್ಲಿ, ಊರ ಶಾಲೆಯ ಕೋಣೆಗಳಲ್ಲಿ ಮಜ್ಜಿಗೆ ಕುಡಿದು ಗೊರಕೆ ಹೊ‌ಡೆಯುತ್ತಿತ್ತು. ಬಿಸಿಲು ಒಳಗಿಳಿಯದೆ ತಿರುಗಿ ಹೋಗಲೆಂದು ವಿಶ್ವನಾಥ ಹಿಂದಿನ ವಾರವೇ ಶಾಲೆಯ ಮಾಳಿಗೆಗೆ ಸುಣ್ಣ ಬಳಿಸಿದ್ದ. ಒಳಗೆ ಕೂತರೆ ಕೂರಬಹುದಿತ್ತು. ಹೊತ್ತು ಇಳಿದ ಮೇಲೆ ಬ್ಯಾಂಡು ಶುರುವಾಯಿತು. ಗೋಧೂಳಿ ಎಂದಿದ್ದಕ್ಕೆ ಸರಿಯಾಗಿ ಊರಿನ ಎಮ್ಮೆಗಳೂ ಮೆರವಣಿಗೆಯ ಹಿಂದೆಯೇ ಬಂದವು. ಮದುಮಗನ ಕುದುರೆಗೆ ಗಾಬರಿ, ಬ್ಯಾಂಡಿನವರಿಗೆ ನಗು. ಒಂದು ಎಮ್ಮೆಯಂತೂ ನೇರ ಪೆಂಡಾಲಿಗೆ ಬಂದು ಬಾಗಿಲಿಗೆ ಕಟ್ಟಿದ ಬಾಳೆಗಿಡವನ್ನು ಎಲೆಯಿಂದ ಶುರು ಮಾಡಿ ಬುಡದವರೆಗೆ ಮುಗಿಸಿತು. ಶುಭಶಕುನ ಎಂದು ಐನೋರು ಘೋಷಿಸಿದರು. ಪಡುವಣದಲ್ಲಿ ಕೆಂಪು ಇನ್ನೂ ಆರಿರಲಿಲ್ಲ, ಸಣ್ಣಗೆ ಗಾಳಿ ಎದ್ದಿತ್ತು, ಅಕ್ಕಿಕಾಳು ಬಿತ್ತು. ಮುಂದಿನ ಸಾಲಿನಲ್ಲಿ ಗುರಮ್ಮ ಆಯಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಭಾಗ್ಯ ತಲೆ ಬಗ್ಗಿಸಬೇಕಾದ ಹೊತ್ತಿನಲ್ಲೂ ಓರೆಗಣ್ಣಿನಿಂದ ಆಯಿಯ ಮುಖವನ್ನೇ ಗಮನಿಸುತ್ತಿದ್ದಳು. ಆಯಿ ಆಕೆಗೆ ಎರಡು ಬೆರಳೆತ್ತಿ, ಚೆನ್ನಾಗಿದ್ದೇನೆ ಎಂದು ಸನ್ನೆ ಮಾಡಿದರು. ಅಂದು ಯಾರೂ ಬೀಳಲಿಲ್ಲ.

ಭೂಮಿಯೇನೂ ಅದರಿಂದ ತಣ್ಣಗಾಗಲಿಲ್ಲ, ನನಗೆ ಗೊತ್ತು. ಆದರೆ ಆ ಬೇಸಿಗೆ ಮುಗಿಯುವುದರೊಳಗೆ ಕಮಲಾಪುರದಲ್ಲಿ ಇನ್ನೂ ಕೆಲವು ಮನೆಯವರು ಗೋಧೂಳಿ ಲಗ್ನ ಇಟ್ಟುಕೊಂಡರೆಂದು ಅಳಿಯ ಹೇಳಿದ. ಶಾಲೆಯ ಪಕ್ಕದ ಎರಡು ಮಾಳಿಗೆಗಳಿಗೂ ಸುಣ್ಣ ಬಿದ್ದಿದೆಯಂತೆ. ಮತ್ತೊಂದು ತೋಟಕ್ಕೆ ಸೋಲಾರ್ ಪಂಪು ಬಂದಿದೆಯಂತೆ. ಒಲೆಯೊಳಗಿನ ಕಟ್ಟಿಗೆ ಗೇಣು ಗೇಣಾಗಿಯಾದರೂ ಹಿಂದಕ್ಕೆ ಬರಬಹುದು ಎಂದು ನನಗೆ ಮೊದಲ ಸಲ ಅನ್ನಿಸಿದೆ. ಇದನ್ನೆಲ್ಲ ಊರಲ್ಲಿ ಓಡಾಡಿ ಮಾಡಿಸುತ್ತಿರುವವರು ಯಾರು ಗೊತ್ತೇ? ಸಿದ್ರಾಮಪ್ಪ ಕಾಕಾ. ಕಟ್ಟೆಯ ಮೇಲೆ ಕೂತವರಿಗೆಲ್ಲ ಹಂಚಿನ ಕಥೆ ಹೇಳುತ್ತಾರಂತೆ. ಬಿಸಿಲು ನಮಗೆ ಹೊಸದೇನು ಎಂದು ಯಾರಾದರೂ ಅಂದರೆ ‘ಅದು ಹಂಗಲ್ಲ’ ಎಂದು ಶುರು ಮಾಡುತ್ತಾರಂತೆ. ಛಳಿಯ ಪ್ರಶ್ನೆಯನ್ನೂ ತಾವೇ ಕೇಳಿ, ಒದ್ದೆ ಅರಿವೆಯ ಉತ್ತರವನ್ನೂ ತಾವೇ ಕೊಟ್ಟು, ಜನರನ್ನು ನಗಿಸುತ್ತಾರಂತೆ. ಉಪಮೆ ಯಾರದೆಂದು ಮಾತ್ರ ಹೇಳುವುದಿಲ್ಲವಂತೆ. ನನಗೆ ಸಿಟ್ಟು ಬಂದು ಸುವರ್ಣಾಳಿಗೆ ಹೇಳಿದೆ. ‘ಉಪಮೆ ನಿಮ್ಮದೇನು?’ ಎಂದು ಆಕೆ ಕೇಳಿದಳು. ಆ ವಿಷಯವನ್ನು ಅಲ್ಲಿಗೇ ಬಿಟ್ಟೆ.

ಈ ವಾರ ಕಾಕಾರಿಂದಲೇ ಫೋನು ಬಂತು. ಮಳೆ ಬಿದ್ದ ಕೂಡಲೇ ರಸ್ತೆಯ ಎರಡೂ ಬದಿಗೆ ಬೇವು, ಹೊಂಗೆ ನೆಡುವುದಕ್ಕೆ ಊರಿನವರೆಲ್ಲ ಸೇರುತ್ತಿದ್ದಾರೆ. ಬೆಳಿಗ್ಗೆ ತಂಪು ಹೊತ್ತಿನಲ್ಲೇ ಕಾರ್ಯಕ್ರಮ. ಬಿಸಿಲಿನ ಬಗ್ಗೆ ಒಂದು ಭಾಷಣವೂ ಇದೆ, ನಾನು ಬರಲೇಬೇಕು. ನನ್ನ ಎದೆ ಉಬ್ಬಿತು. ಎಷ್ಟು ಹೊತ್ತು ಮಾತಾಡಬೇಕು ಎಂದು ವಿನಯದಿಂದ ಕೇಳಿದೆ.

‘ಭಾಷಣ ನಾನೇ ಮಾಡ್ತೀನ್ರೀ ಪ್ರೊಫೆಸರ್ ಸಾಹೇಬ್ರ’ ಎಂದರು ಕಾಕಾ. ‘ಮಂದಿಗಿ ನಂದು ತಿಳೀತದ. ನೀವು ವಂದನಾರ್ಪಣೆ ಮಾಡ್ರಿ.’

ಒಪ್ಪಿಕೊಂಡೆ. ನಿಜವಾಗಿಯೂ ಸಂತೋಷದಿಂದಲೇ ಒಪ್ಪಿಕೊಂಡೆ. ನಾನು ಇಷ್ಟು ವರ್ಷ ಹೇಳಿ ಯಾರಿಗೂ ಮುಟ್ಟದ ಮಾತು ಅವರ ಬಾಯಲ್ಲಿ ಊರು ಸುತ್ತುತ್ತಿರುವಾಗ ನನಗೇನು ಹೊಟ್ಟೆಕಿಚ್ಚು? ನಿನ್ನೆಯಿಂದ ವಂದನಾರ್ಪಣೆ ಬರೆಯುತ್ತಿದ್ದೇನೆ. ಗಿಡ ಕೊಟ್ಟವರಿಗೆ ವಂದನೆ ಹೇಳುವಾಗ ಒಂದು ಗಿಡ ಏನೇನು ಮಾಡುತ್ತದೆಂದು ಸ್ವಲ್ಪ ಹೇಳಬೇಡವೇ? ಮಳೆಗೆ ವಂದನೆ ಹೇಳುವಾಗ ಮುಂಗಾರು ಮಾರುತಗಳನ್ನು ಬಿಡಲಾದೀತೇ? ಸುವರ್ಣಾ ಚಹಾ ತಂದಿಟ್ಟು, ನಾನು ಬರೆದ ಹಾಳೆಗಳ ಕಟ್ಟನ್ನು ಕೈಯಲ್ಲೆತ್ತಿ ತೂಗಿ ನೋಡಿದಳು. ಆಮೇಲೆ ನನ್ನ ಪೆನ್ನು ತೆಗೆದುಕೊಂಡು, ಒಂದು ಚೂರು ಕಾಗದದ ಮೇಲೆ ‘ಬಂದವರಿಗೆಲ್ಲಾ ಶರಣು ಶರಣಾರ್ಥಿ’ ಎಂದು ಬರೆದು, ‘ಇಷ್ಟೇ ಓದ್ರಿ’ ಎಂದು ಜೇಬಿಗೆ ತುರುಕಿ ಹೋದಳು. ಆಕೆಯ ಮಾತು ಮೀರುವವನಲ್ಲ ನಾನು. ಅದನ್ನೇ ಓದುತ್ತೇನೆ. ಆದರೆ ಇಷ್ಟು ಚಿಕ್ಕದನ್ನು ಓದುವ ಮೊದಲು, ಜನಕ್ಕೆ ಅರ್ಥವಾಗಲೆಂದು, ಪೀಠಿಕೆಯಾಗಿ ನಾಲ್ಕು ಮಾತು ಹೇಳಿದರೆ ತಪ್ಪೇನಿಲ್ಲ ಅನ್ನಿಸುತ್ತಿದೆ.